ಮೊಲದ ಹೆಜ್ಜೆ ಬಲ್ಲವರು

ಫಾಲ್ಗುಣ ಮುಗಿಯುತ್ತ ಬಂದಂತೆ ಮಾನ್ವಿ ಸೀಮೆಯ ಎರೆಹೊಲಗಳು ಬರಿದಾಗುತ್ತವೆ. ಬಿಳಿಜೋಳದ ರಾಶಿ ಮುಗಿದು ಕಣಜ ಸೇರಿರುತ್ತದೆ. ಹತ್ತಿ ಬಿಡಿಸಿದ ಹೊಲದಲ್ಲಿ ಬರೀ ಕಟಗಿ ನಿಂತಿರುತ್ತದೆ. ಹಳ್ಳಗಳು ಒಣಗಿ, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮಾತ್ರ ನೀರು ಉಳಿದಿರುತ್ತದೆ. ಆಳಿಗೆ ಕೈತುಂಬ ಕೆಲಸವಿಲ್ಲದ, ಬಿಸಿಲು ಇನ್ನೂ ಪೂರ್ತಿ ಏರದ ಈ ಕೆಲವೇ ದಿನಗಳಲ್ಲಿ ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ಕಟ್ಟೆಯ ಮೇಲೆ ಒಂದೇ ಮಾತು ಸುಳಿದಾಡುತ್ತದೆ: ಯುಗಾದಿ ಬಂತು, ಬೇಟೆ ಯಾವತ್ತು?

ತಯಾರಿ ವಾರ ಮೊದಲೇ ಶುರುವಾಗುತ್ತದೆ. ಅಟ್ಟದ ಮೇಲಿದ್ದ ಬಲೆ ಕೆಳಗಿಳಿಯುತ್ತದೆ. ಇಲಿ ಕಡಿದ ಕಡೆ ಹೊಸ ದಾರದ ಗಂಟು ಬೀಳುತ್ತದೆ. ಬಡಿಗೆಗಳಿಗೆ ಎಣ್ಣೆ ಸವರುತ್ತಾರೆ. ವರ್ಷವಿಡೀ ಬೀದಿಯಲ್ಲಿ ಬಿದ್ದಿದ್ದ ನಾಯಿಗೆ ದಿಢೀರನೆ ಮರ್ಯಾದೆ ಬಂದು, ರೊಟ್ಟಿಯ ಜೊತೆ ಹಾಲೂ ಸಿಗುತ್ತದೆ. ಯಾರು ಬಲೆಯ ಹತ್ತಿರ ಕೂಡಬೇಕು, ಯಾರು ಕೂಗುತ್ತ ಎಬ್ಬಿಸಬೇಕು, ಸಿಕ್ಕದ್ದನ್ನು ಹೇಗೆ ಪಾಲು ಹಾಕಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಹುಡುಗರು ಮುತ್ಯಾನ ಸುತ್ತ ಕೂಡುತ್ತಾರೆ.

“ಮೊದಲು ಗಾಳಿ ಎತ್ತಾಗಿಂದ ಬರ್ತದ ನೋಡಬೇಕಪಾ. ಆಮ್ಯಾಲ ನಾಯಿ ಬಿಡೂದು” ಎಂದು ಆತ ಹೇಳಿದರೆ ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ತರಗತಿಯಲ್ಲಿ ಅಷ್ಟು ಗಮನವಿಟ್ಟು ಕೇಳುವವರು ವಿರಳ!

ವಿಜಯದಾಸರ (1682–1755) ಹುಟ್ಟೂರಾದ, ತುಂಗಭದ್ರೆಯ ದಂಡೆಯ ಚೀಕಲಪರ್ವಿಯಿಂದ ಹಿಡಿದು ಕೃಷ್ಣೆಯ ದಂಡೆಯ ದೇವದುರ್ಗ ತಾಲೂಕಿನವರೆಗಿನ ಈ ನಾಡು ಎರಡು ನದಿಗಳ ನಡುವಿನ ದೋಆಬ್. ಬೇಟೆಯ ನೆನಪು ಇಲ್ಲಿ ಬಹಳ ಹಳೆಯದು. ಆ ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದು ಮಕ್ಕಳೂ ಹೆತ್ತವರೂ ಕೂಡಿ ಯೋಚಿಸಬೇಕಾದ ಪ್ರಶ್ನೆ.

ಅಕ್ಷರ ಕಲಿಯದವರ ವಿಜ್ಞಾನ

ಬೇಟೆಗೆ ಯುಗಾದಿಯೇ ಏಕೆ? ಉತ್ತರ ಬೇಸಾಯದಲ್ಲಿದೆ. ಪೈರು ನಿಂತಿರುವಾಗ ಮೊಲ, ಹಂದಿ, ಚಿಗರಿಗಳಿಗೆ ಮರೆ ಸಿಗುತ್ತದೆ. ಕಟಾವು ಮುಗಿದರೆ ಮರೆ ಹೋಯಿತು. ನೀರು ಕೆಲವೇ ಗುಂಡಿಗಳಲ್ಲಿ ಉಳಿದರೆ ಪ್ರಾಣಿಗಳು ಅಲ್ಲಿಗೇ ಬರಬೇಕು. ಅದೇ ಹೊತ್ತಿಗೆ ರೈತನಿಗೂ ಬಿಡುವು. ಈ ಮೂರೂ ಕೂಡುವ ಕಾಲವೇ ಹಂಗಾಮು.

ಹಳೆಯ ಬೇಟೆಗಾರನ ತಿಳಿವಳಿಕೆ ಕಡಿಮೆಯದಲ್ಲ. ಮೊಲದ ಹೆಜ್ಜೆಯನ್ನೇ ನೋಡಿ. ಅದು ನೆಗೆಯುವಾಗ ಮುಂಗಾಲು ಒಂದರ ಹಿಂದೊಂದು ನೆಲ ಮುಟ್ಟುತ್ತವೆ. ಹಿಂಗಾಲು ಅವನ್ನು ದಾಟಿ ಬಂದು, ಪಕ್ಕಪಕ್ಕದಲ್ಲಿ, ಇನ್ನೂ ಮುಂದೆ ಬೀಳುತ್ತವೆ. ಅಂದರೆ ಮಣ್ಣಿನಲ್ಲಿ ಹಿಂಗಾಲಿನ ಗುರುತು ಮುಂದೆ, ಮುಂಗಾಲಿನದು ಹಿಂದೆ! ಇದನ್ನು ತಿಳಿಯದವನು ಮೊಲ ಹೋದ ದಿಕ್ಕಿಗೆ ತದ್ವಿರುದ್ಧವಾಗಿ ನಡೆಯುತ್ತಾನೆ. ಗುರುತಿನ ಮೇಲೆ ಇರುವೆಯ ಸಾಲು ಹಾದಿದ್ದರೆ, ಗಾಳಿಗೆ ಅದರ ಅಂಚು ಕುಸಿದಿದ್ದರೆ ಅದು ಹಳೆಯದು. ಅಂಚು ಚೂಪಾಗಿದ್ದರೆ ಹೊಸದು. ಯಂತ್ರವಿಲ್ಲ, ಪುಸ್ತಕವಿಲ್ಲ. ಆದರೂ ಗಮನಿಸುವುದು, ಊಹಿಸುವುದು, ಪರೀಕ್ಷಿಸುವುದು ಎಂಬ ವಿಜ್ಞಾನದ ಮೂರು ಮೆಟ್ಟಿಲೂ ಇಲ್ಲಿವೆ.

ಮೊಲದ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಹೀಗಾಗಿ ತಲೆ ತಿರುಗಿಸದೆಯೇ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಉದ್ದ ಕಿವಿ ಕೇಳುವುದಕ್ಕಷ್ಟೇ ಅಲ್ಲ, ಮೈಯ ಕಾವನ್ನು ಹೊರಹಾಕುವುದಕ್ಕೂ ಸಹಾಯಕ. ರಾಯಚೂರಿನ ಬಿಸಿಲಿಗೆ ಒಳ್ಳೆಯ ಏರ್ಪಾಟು! ಅಪಾಯ ಬಂದಾಗ ಅದು ಮೊದಲು ನೆಲಕ್ಕಂಟಿ ಅಲ್ಲಾಡದೆ ಕೂಡುತ್ತದೆ. ತೀರ ಹತ್ತಿರ ಬಂದಾಗ ಮಾತ್ರ ಚಂಗನೆ ನೆಗೆದು ಅಡ್ಡಾದಿಡ್ಡಿ ಓಡುತ್ತದೆ. ಮುತ್ಯಾನಿಗೆ ಇದೆಲ್ಲ ಅನುಭವದಿಂದ ಗೊತ್ತು.

ನಾಯಿಗೊಂದು ಕಲ್ಲು, ದೊರೆಯದೊಂದು ಬಂಡೆ

ಕನ್ನಡ ನಾಡು ಬೇಟೆಯನ್ನು ಗೌರವಿಸಿದ ನಾಡು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ಶಾಸನದ ಕಥೆ ಸ್ವಾರಸ್ಯವಾಗಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಎರಡನೆಯ ಬೂತುಗ ‘ಬೇಕಾದ್ದು ಕೇಳು’ ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಮೃಗಯೆಗೂ ಸ್ಥಾನವಿದೆ.

ಆದರೆ ರಾಯಚೂರು ಜಿಲ್ಲೆಯಲ್ಲೇ ಇನ್ನೊಂದು ಬಂಡೆಯೂ ಇದೆ. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿ, ಆ ದೊರೆ ಯಾರೆಂಬ ಸಂಶಯ ಬಗೆಹರಿಯಿತು. ಆ ಅಶೋಕನೇ ತನ್ನ ಎಂಟನೆಯ ಬಂಡೆಗಲ್ಲು ಶಾಸನದಲ್ಲಿ, ಹಿಂದಿನ ರಾಜರು ಬೇಟೆಯ ವಿಹಾರಕ್ಕೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆ ಕೈಗೊಂಡೆ ಎಂದು ಹೇಳಿಕೊಂಡಿದ್ದಾನೆ. ಐದನೆಯ ಕಂಬದ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಇದೆ. ಗೊತ್ತಾದ ಕೆಲವು ದಿನಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ಕಾರಣವಿಲ್ಲದೆ ಕಾಡಿಗೆ ಬೆಂಕಿಯಿಡಬಾರದು ಎಂದೂ ಇದೆ. ಬೇಟೆಗೆ ‘ಬಿಡುವಿನ ಕಾಲ’ ಇರಬೇಕೆಂಬ ವಿಚಾರ ಇಪ್ಪತ್ತೆರಡು ಶತಮಾನಗಳಿಗೂ ಹಳೆಯದು. 1912ರಲ್ಲಿ ಬ್ರಿಟಿಷ್ ಭಾರತದ ಕಾಯಿದೆಯೂ ಇಂಥದೇ ಬಿಡುವಿನ ಅವಧಿಯನ್ನು ಗೊತ್ತುಪಡಿಸಲು ಅವಕಾಶ ಕೊಟ್ಟಿತ್ತು.

ಆದರೂ ಹೆಬ್ಬೇಟೆಯ ಮೋಜು ನಿಲ್ಲಲಿಲ್ಲ. ಪಳಗಿಸಿದ ಚೀತಾಗಳನ್ನು ಬಿಟ್ಟು ಚಿಗರಿ ಹಿಡಿಸುವುದು ದಖ್ಖನಿನ ರಾಜರ ದೊಡ್ಡ ಆಟವಾಗಿತ್ತು. ಬೇಟೆಗೆಂದು ಹಿಡಿದು, ಬೇಟೆಯಾಡಿ ಕೊಂದು, ಹುಲ್ಲುಗಾವಲು ಉತ್ತು ಮುಗಿಸುವಷ್ಟರಲ್ಲಿ ಚೀತಾಗಳೇ ಇಲ್ಲವಾದವು. 1947ರಲ್ಲಿ ಈಗಿನ ಛತ್ತೀಸಗಢದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಲಿಯಾದವು. 1952ರಲ್ಲಿ ದೇಶದಿಂದಲೇ ಅಳಿದವೆಂದು ಘೋಷಿಸಲಾಯಿತು. 2022ರಲ್ಲಿ ಆಫ್ರಿಕದ ನಮೀಬಿಯದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತರಬೇಕಾಯಿತು. ಕಳೆಯುವುದು ಸುಲಭ, ತರುವುದು ಎಷ್ಟು ಕಷ್ಟ!

ಮೊಲಕ್ಕೆ ಬಿಡುವಿನ ಕಾಲವೇ ಇಲ್ಲ

“ಚೀತಾ ಬೇರೆ, ಮೊಲ ಬೇರೆ. ಮೊಲ ಬೇಕಾದಷ್ಟು ಅವ” ಎಂಬ ವಾದ ಕಟ್ಟೆಯ ಮೇಲೆ ಬರುತ್ತದೆ. ಇಲ್ಲಿ ಜೀವಶಾಸ್ತ್ರ ಸ್ವಲ್ಪ ತಿಳಿಯಬೇಕು.

ಗೂಡಿನಲ್ಲಿ ಸಾಕುವ ಬಿಳಿ ಮೊಲಕ್ಕೂ ಹೊಲದ ಮೊಲಕ್ಕೂ ಕನ್ನಡದಲ್ಲಿ ಹೆಸರು ಒಂದೇ. ಜಾತಿ ಬೇರೆ. ಸಾಕುಮೊಲ ಯುರೋಪಿನ ಮೂಲದ್ದು. ಅದರ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ನಮ್ಮ ಹೊಲದ ಕರಿಗುತ್ತಿಗೆಯ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲಿ ಮೈಯಳತೆಯ ಹಕ್ಕೆ ಮಾಡಿಕೊಳ್ಳುತ್ತದೆ. ಅದರ ಮರಿಗೆ ಹುಟ್ಟುವಾಗಲೇ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಗರ್ಭ ಸುಮಾರು ಆರು ವಾರ. ಒಂದು ಸೂಲಿಗೆ ಒಂದರಿಂದ ನಾಲ್ಕು ಮರಿ. ವರ್ಷದ ಯಾವ ತಿಂಗಳಲ್ಲೂ ಅದು ಈಯಬಲ್ಲದು. ಆದ್ದರಿಂದ ಬೇಟೆಗೆ ಯಾವ ದಿನವನ್ನು ಆರಿಸಿದರೂ, ಓಡುವ ಮೊಲಗಳಲ್ಲಿ ಒಂದಾದರೂ ಮರಿಗೆ ಹಾಲೂಡುವ ತಾಯಿ ಇರುವ ಸಂಭವವಿದೆ. ಮರಿ ಮಾತ್ರ ಅಲ್ಲಾಡದೆ ಹಕ್ಕೆಯಲ್ಲಿ ಕಾಯುತ್ತಿರುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಬಯಲುಸೀಮೆಯ ತೋಳ, ನರಿ, ದೊಡ್ಡ ಗೂಬೆ, ಹದ್ದುಗಳಿಗೆ ಮೊಲ ಆಹಾರ. ಮೊಲ ಕಡಿಮೆಯಾದರೆ ತೋಳ ಹಸಿವಿನಿಂದ ಕೂಡುವುದಿಲ್ಲ, ಕುರಿದೊಡ್ಡಿಯ ಕಡೆ ಬರುತ್ತದೆ. ಹಬ್ಬದ ಬೇಟೆಯ ಬೆಲೆಯನ್ನು ಕೊನೆಗೆ ತೆರುವವನು ಕುರಿಗಾರ.

ಕಾಲವೂ ಬದಲಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ, ಸಿಂಧನೂರಿನ ಎಷ್ಟೋ ಒಣ ಹೊಲಗಳು ಭತ್ತದ ಗದ್ದೆಗಳಾದವು. ರೈತನ ಬದುಕು ಹಸನಾಯಿತು, ಸರಿ. ಆದರೆ ಮೊಲಕ್ಕೆ ಬೇಕಾದ ಕುರುಚಲು, ಬೀಳುಭೂಮಿ ಕುಗ್ಗಿದವು. ಅತ್ತ ಬೇಟೆಯ ಸಾಧನ ಮಾತ್ರ ಹಿಗ್ಗಿತು. ಅಂದು ಕಾಲ್ನಡಿಗೆ, ಹಗಲು, ಬಲೆ. ಇಂದು ಬೈಕು, ರಾತ್ರಿ, ಪ್ರಖರ ಟಾರ್ಚು. ಬೆಳಕು ಕಣ್ಣಿಗೆ ಬಿದ್ದ ಮೊಲ ದಿಕ್ಕು ತೋಚದೆ ನಿಂತುಬಿಡುತ್ತದೆ. ಇಲ್ಲಿ ಹೆಜ್ಜೆ ಓದುವ ಜಾಣ್ಮೆಯೂ ಬೇಡ, ಗಾಳಿ ನೋಡುವ ತಾಳ್ಮೆಯೂ ಬೇಡ. ಹಳೆಯ ಬೇಟೆಯಲ್ಲಿದ್ದ ಒಳ್ಳೆಯದು ಹೋಗಿ ಕೊಲ್ಲುವುದಷ್ಟೇ ಉಳಿದಂತಾಯಿತು.

ಹಂಗಾಮು ಎರಡು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಮುಂದಿನ ತಿದ್ದುಪಡಿಯೊಂದಿಗೆ, ಹಂಗಾಮಿನ ಮಾತಿಗೇ ತೆರೆ ಎಳೆಯಿತು. ಕಾಯಿದೆಯ ಭಾಷೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆಯೊಡ್ಡುವುದು, ಉರುಳು ಹಾಕುವುದು, ಅಟ್ಟುವುದು, ಆಮಿಷ ಇಡುವುದು, ಇವುಗಳಿಗೆ ಯತ್ನಿಸುವುದು ಕೂಡ ಬೇಟೆಯೇ. “ನಾನು ಬರೀ ಕೂಗಿದೆ, ಹೊಡೆಯಲಿಲ್ಲ” ಎಂಬ ಸಮಜಾಯಿಷಿ ನಡೆಯುವುದಿಲ್ಲ. 2022ರ ತಿದ್ದುಪಡಿಯ ನಂತರ ಮೊಲ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಚಿಗರಿ ಒಂದನೆಯ ಅನುಸೂಚಿಯದು. ಅದಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ.

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು. ಆ ಹಬ್ಬದ ಬೆನ್ನಿಗೇ ಇದೇ ಜಿಲ್ಲೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆ ಮಾಡಿದ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅರಣ್ಯ ಇಲಾಖೆ ಪ್ರಕರಣ ದಾಖಲಿಸಿಕೊಂಡಿತು. ಅಂದು ಸಂಭ್ರಮಕ್ಕೆ ತೆಗೆದ ಚಿತ್ರವೇ ಮರುದಿನ ಸಾಕ್ಷ್ಯವಾಗಬಹುದು ಎಂಬುದನ್ನು ಕಾಲೇಜು ಹುಡುಗರು ಮರೆಯಬಾರದು. ಸರ್ಕಾರಿ ನೌಕರಿಗೆ ಪೊಲೀಸ್ ಪರಿಶೀಲನೆ ಇರುತ್ತದೆ. ಒಂದು ದಿನದ ಮೋಜಿಗೆ ನ್ಯಾಯಾಲಯಕ್ಕೆ ಅಲೆಯುವ ವರ್ಷಗಳನ್ನು ಹೆತ್ತವರು ಕಲ್ಪಿಸಿಕೊಳ್ಳಲಿ. ಆ ವಾರವೇ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ನಡೆದಿತ್ತು. ನಮ್ಮ ಮಕ್ಕಳಿಗೆ ಬೇಟೆಯ ಹಂಗಾಮು, ಪರೀಕ್ಷೆಯ ಹಂಗಾಮು ಒಟ್ಟಿಗೇ ಬರುತ್ತವೆ.

ಹಾಗೆಂದು ರೈತನ ಅಳಲು ಸುಳ್ಳಲ್ಲ. ಹಂದಿ ನುಗ್ಗಿದ ಶೇಂಗಾ ಹೊಲ, ಚಿಗರಿ ಮೇಯ್ದ ಕಡಲೆಯ ಸಾಲು ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಎರಡನೆಯ ಅನುಸೂಚಿಯ ಪ್ರಾಣಿಯಿಂದ ಜೀವಕ್ಕೋ ಬೆಳೆಗೋ ಅಪಾಯವಿದ್ದರೆ, ಅಧಿಕಾರವುಳ್ಳ ಅಧಿಕಾರಿ ಲಿಖಿತ ಆದೇಶ ಕೊಡಲು ಕಾಯಿದೆಯಲ್ಲೇ ದಾರಿಯಿದೆ. ಆ ದಾರಿ ನಿಧಾನದ್ದಾದರೂ ದಾರಿಯೇ. ಬೇಲಿಗೆ ಕರೆಂಟು ಕೊಡುವುದು, ಸಿಡಿಮದ್ದು ಇಡುವುದು ದಾರಿಯಲ್ಲ. ಅವುಗಳಿಗೆ ಹಂದಿ ಯಾವುದು, ಎತ್ತು ಯಾವುದು, ಮನುಷ್ಯ ಯಾರು ಎಂಬುದು ತಿಳಿಯುವುದಿಲ್ಲ.

ಬಲೆಯಿಲ್ಲದ ಬೇಟೆ

ಹಬ್ಬವನ್ನು ಬಿಡದೆ ಬೇಟೆಯನ್ನು ಬಿಡಲು ಸಾಧ್ಯವೆ? ಕೊಡಗನ್ನು ನೋಡಬಹುದು. ಭತ್ತದ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ಪೂಜೆ ಸಲ್ಲುತ್ತದೆ. ಹಿಂದೆ ಅದು ಬೇಟೆಯ ಹಂಗಾಮಿನ ಬಾಗಿಲು. ಈಗ ಅಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಕೋವಿಯೂ ಉಳಿಯಿತು, ಗುರಿಯೂ ಉಳಿಯಿತು, ಊಟವೂ ಉಳಿಯಿತು. ನಮ್ಮ ನೆರೆಯ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿ ಹೆಸರು ಮಾಡಿದಂತೆಯೇ ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದರು. ಪ್ರಾಣಿಯ ಹತ್ತಿರ ಸದ್ದಿಲ್ಲದೆ ಹೋಗುವುದು, ಗಾಳಿ ನೋಡುವುದು, ಗಂಟೆಗಟ್ಟಲೆ ಕಾಯುವುದು ಕ್ಯಾಮೆರಾ ಹಿಡಿದವನಿಗೂ ಬೇಕು. ಮುತ್ಯಾನ ವಿದ್ಯೆ ಅಲ್ಲಿಯೂ ಬೆಲೆಯುಳ್ಳದ್ದೇ.

ಮಕ್ಕಳು ಮನೆಯ ಹೊಲದಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಸಂಜೆ, ಕಾಲುದಾರಿಯಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗವನ್ನು ಗುಡಿಸಿ, ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಹರಡಬೇಕು. ಆಮಿಷ ಏನೂ ಇಡಬಾರದು. ಬೆಳಿಗ್ಗೆ ಬಿಸಿಲೇರುವ ಮೊದಲು ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ದು ನೋಡಬೇಕು. ಯಾವ ಹೆಜ್ಜೆ? ಎಷ್ಟು ಪ್ರಾಣಿ? ಎತ್ತ ಹೋಯಿತು? ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಹೆಜ್ಜೆಯ ಚಿತ್ರ ಬರೆದು, ತಾರೀಖು ಹಾಕಬೇಕು. ಹುಣ್ಣಿಮೆಗೂ ಅಮಾವಾಸ್ಯೆಗೂ, ಕಟಾವಿಗೆ ಮೊದಲಿಗೂ ನಂತರಕ್ಕೂ ವ್ಯತ್ಯಾಸವಿದೆಯೇ ಎಂದು ವರ್ಷವಿಡೀ ಬರೆದಿಟ್ಟರೆ, ಆ ಊರಿನ ಪ್ರಾಣಿಗಳ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲದ ಮಾಹಿತಿ ಆ ನೋಟುಬುಕ್ಕಿನಲ್ಲಿರುತ್ತದೆ.

ಮುಂದಿನ ಯುಗಾದಿಗೂ ಜೋಳದ ಹೊಲ ಬರಿದಾಗುತ್ತದೆ, ಮುತ್ಯಾನ ಸುತ್ತ ಹುಡುಗರು ಕೂಡುತ್ತಾರೆ. ಹೆಜ್ಜೆಯ ಗುಟ್ಟು ಬಲ್ಲ ಆ ತಲೆಮಾರು ಬಹಳ ದಿನ ಇರುವುದಿಲ್ಲ. ಅವರ ಬಲೆ ಅಟ್ಟದ ಮೇಲೆಯೇ ಇರಲಿ. ಅವರಲ್ಲಿರುವ ತಿಳಿವಳಿಕೆಯನ್ನು ಮಾತ್ರ ಕೆಳಗಿಳಿಸಿಕೊಳ್ಳಬೇಕು.