ನಲಿ-ಕಲಿ ಬಿಟ್ಟು ನಾಲ್ಕನೇ ತರಗತಿಗೆ



ಮಗು "ನಾ ನಾಲ್ಕನೇತ್ತಿಗೆ ಹೋಗೂದಿಲ್ಲ" ಎಂದು ಅತ್ತರೆ ಗದರಬೇಡಿ. ಅದಕ್ಕೆ ಕಾರಣ ಇದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಸಣ್ಣ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಹಾಡಿ ಆಡಿ, ಕಾರ್ಡು ನೋಡಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕರಲ್ಲಿ ಹಾಗಲ್ಲ. ಪಠ್ಯಪುಸ್ತಕ ಬರುತ್ತದೆ, ಎಲ್ಲರಿಗೂ ಒಂದೇ ಪಾಠ. ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ ಇದು ಇನ್ನೂ ಕಷ್ಟ.

ರಜೆಯಲ್ಲೇ ಹೀಗೆ ಮಾಡಿ:

* ಯಾವ ಕಲಿಕೆ ಬಾಕಿ ಇದೆ ಎಂದು ಶಿಕ್ಷಕರನ್ನು ಕೇಳಿ.
* ನೆರೆಮನೆಯ ಹಳೆ ನಾಲ್ಕನೇ ತರಗತಿ ಪುಸ್ತಕ ತಂದು ಚಿತ್ರ ನೋಡಿ ಮಾತಾಡಿಸಿ.
* ದಿನಾ ಹತ್ತು ನಿಮಿಷ ಮಗು ಓದಲಿ. ನಮಗೆ ಓದು ಬಾರದಿದ್ದರೂ ಕೂತು ಕೇಳಬಹುದಲ್ಲ!
* ಮೀನು ಮಾರಲು ಬೇಗ ಹೊರಡುವವರು ಚೀಲ ತುಂಬುವುದನ್ನು ಈಗಲೇ ಕಲಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಕೈಯಲ್ಲಿ ಕಾಸಿರುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಉಚಿತ. ನೋಟ್‌ಬುಕ್ಕು, ಕೊಡೆಗೆ ಸಂಘದ ಉಳಿತಾಯದಲ್ಲಿ ಮೇ ತಿಂಗಳಲ್ಲೇ ತೆಗೆದಿಡಿ. ಬೋಟು ನಿಂತಾಗ ಅಪ್ಪ ಮನೆಯಲ್ಲಿರುತ್ತಾರೆ. ಸಂಜೆ ಪಾಠ ಕೇಳುವ ಕೆಲಸ ಅವರಿಗೂ ಇರಲಿ.