ಗದ್ದೆ ದಾರಿಯ ಮೋರಿ

ಮಲೆನಾಡಿನ ರೈತ ಬಂಧುಗಳೇ, ಜಡಿಮಳೆಗೆ ಊರ ರಸ್ತೆ ಮೊದಲು ಎಲ್ಲಿ ಕಿತ್ತುಹೋಗುತ್ತದೆಂಬುದನ್ನು ಗಮನಿಸಿದ್ದೀರಾ? ಬಹುಮಟ್ಟಿಗೆ ಅದು ಯಾರದೋ ಗದ್ದೆಗೋ ಮನೆಗೋ ಗಾಡಿ ಇಳಿಯುವ ದಾರಿಯ ಬಳಿ. ಅಲ್ಲಿ ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿರುತ್ತಾರೆ, ಇಲ್ಲವೆ ಕೈ ತೂರದಷ್ಟು ಸಣ್ಣ ಕೊಳವೆ ಇಟ್ಟಿರುತ್ತಾರೆ. ತಡೆದ ನೀರು ರಸ್ತೆಗೇರಿ, ಎದುರಿನವರ ಅಂಗಳಕ್ಕೋ ಸಸಿಮಡಿಗೋ ನುಗ್ಗುತ್ತದೆ. ನೆರೆಹೊರೆಯ ಎಷ್ಟೋ ಮನಸ್ತಾಪಗಳಿಗೆ ಇದೇ ಬೇರು.

ಕೊಳವೆ ಕೊಳ್ಳುವಾಗ ಜಿಪುಣತನ ಬೇಡ. ಅರ್ಧ ಅಡಿ ಬಾಯಿಯ ಎರಡು ಕೊಳವೆ ಒಂದಡಿಯ ಒಂದಕ್ಕೆ ಸಮವೆಂದು ಲೆಕ್ಕ ಹಾಕುವವರಿದ್ದಾರೆ. ಎರಡೂ ಸೇರಿದರೂ ಆ ಬಾಯಿಯ ಅರ್ಧದಷ್ಟೇ ಆಯಿತು. ಒಂದು ಅಡಕೆ ಹಾಳೆ ಅಡ್ಡ ಬಿದ್ದರೆ ಅದೂ ಮುಗಿಯಿತು. ನಮ್ಮ ಮಳೆಗೆ ಒಂದೂವರೆ ಅಡಿಯ ಸಿಮೆಂಟು ಪೈಪು ಲೇಸು. ಅದರ ತಳ ಚರಂಡಿಯ ತಳಕ್ಕೆ ಸರಿಯಾಗಿರಲಿ. ಎತ್ತರಕ್ಕಿಟ್ಟರೆ ಹಿಂದೆ ನೀರು ನಿಲ್ಲುತ್ತದೆ, ವಾರ ಹತ್ತು ದಿನದಲ್ಲಿ ಸೊಳ್ಳೆ ಏಳುತ್ತದೆ. 16 ಅಡಿ ಉದ್ದಕ್ಕೆ 2 ಅಂಗುಲ ಇಳಿಜಾರು ಸಾಕು. ಆದರೆ ಅಗೆಯುವ ಮೊದಲು ರಸ್ತೆ ಪಂಚಾಯಿತಿಯದೋ ಲೋಕೋಪಯೋಗಿ ಇಲಾಖೆಯದೋ ವಿಚಾರಿಸಿ ಅಪ್ಪಣೆ ಪಡೆಯಿರಿ. ಚರಂಡಿಯ ಜಾಗ ಸಾಮಾನ್ಯವಾಗಿ ರಸ್ತೆಗೇ ಸೇರಿದ್ದು.

ಇನ್ನು ಹೂಳು ತೆಗೆಯುವ ಕೆಲಸ. ಮೃಗಶಿರಾ ಮಳೆ ಹಿಡಿಯುವ ಮುಂಚೆ, ಮೇ ತಿಂಗಳೊಳಗೇ ಇದು ಮುಗಿಯಲಿ. ತಗ್ಗಿನ ತುದಿಯಿಂದ ಆರಂಭಿಸಿ. ಆಗ ನಿಂತ ನೀರು ತಾನಾಗಿಯೇ ಹರಿದುಹೋಗಿ ಕೆಲಸ ಹಗುರಾಗುತ್ತದೆ. ತಳದ ಹೂಳು, ದರಗು ತೆಗೆದರೆ ಸಾಕು. ಇಕ್ಕೆಲದ ಹುಲ್ಲನ್ನು ಕೆರೆಯಬೇಡಿ. ಮಣ್ಣನ್ನು ಹಿಡಿದಿಟ್ಟಿರುವುದು ಅದರ ಬೇರು. ನೋಡಲು ಚೆಂದವೆಂದು ಬೋಳಿಸಿದ ಚರಂಡಿ ಮಳೆಗೆ ಕುಸಿದು ಮತ್ತೆ ತುಂಬಿಕೊಳ್ಳುತ್ತದೆ. ತೆಗೆದ ಮಣ್ಣನ್ನು ರಸ್ತೆಯಂಚಿಗೆ ಒಟ್ಟುವ ಅಭ್ಯಾಸ ಬಲು ಕೆಟ್ಟದ್ದು: ರಸ್ತೆಯ ಮೇಲಿನ ನೀರು ಚರಂಡಿಗೆ ಇಳಿಯಲು ದಾರಿಯೇ ಇಲ್ಲದಂತಾಗುತ್ತದೆ. ಗಾಜು, ಪ್ಲಾಸ್ಟಿಕ್ ಆರಿಸಿ, ಮಣ್ಣನ್ನು ತೋಟಕ್ಕೆ ಹಾಕಿಕೊಳ್ಳಿ.

ಮೋರಿಯೊಳಗೆ ಕೈ ಹಾಕಬೇಡಿ, ಹಾವು ಇದ್ದೀತು. ಬಿದಿರ ಗಳುವಿನಿಂದ ಹಗ್ಗ ತೂರಿಸಿ, ನಡುವೆ ಗೋಣಿಯ ಗಂಟು ಕಟ್ಟಿ, ಆಚೆ ಒಬ್ಬರು ಈಚೆ ಒಬ್ಬರು ನಿಂತು ಎಳೆದಾಡಿದರೆ ಹೂಳು ಹೊರಬರುತ್ತದೆ.

ಮಳೆ ಜೋರಾದ ದಿನ ಕೊಡೆ ಹಿಡಿದು ಹೋಗಿ ನೋಡಿ. ಮೇಲಿನ ಬಾಯಲ್ಲಿ ನೀರು ಏರುತ್ತಿದ್ದು, ಕೆಳಗೆ ಸಣ್ಣಗೆ ಬರುತ್ತಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ರಭಸವಿರುವಾಗ ಮೋರಿಯ ಬಾಯಿಗೆ ಇಳಿಯಬೇಡಿ. ಮಳೆ ಹೊಳವಾದ ಮೇಲೆ ತೆಗೆಯಿರಿ.