ಎರಡನೆಯ ಗೆರೆಯ ಅರ್ಥ

ಔಷಧದ ಅಂಗಡಿಯಿಂದ ತಂದ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತೆಂದರೆ ಸಾಮಾನ್ಯವಾಗಿ ಮನೆಯಲ್ಲಿ ಹಬ್ಬ. ಆದರೆ ಹಿಂದೊಮ್ಮೆ ಗರ್ಭಸ್ರಾವದ ದುಃಖವನ್ನುಂಡ ಹೆಣ್ಣಿಗೆ ಅದೇ ಗೆರೆ ಸಂತೋಷಕ್ಕಿಂತ ಮೊದಲು ಸಂಶಯವನ್ನು ತರುತ್ತದೆ. ನಿನ್ನೆಗಿಂತ ಇಂದು ಮಸುಕಾಗಿದೆಯೆ ಎಂದು ದಿನಕ್ಕೊಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪರಿಶೀಲಿಸುವವರುಂಟು.

ಈ ಪಟ್ಟಿ ಗುರುತಿಸುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣವು ಗರ್ಭಾಶಯದಲ್ಲಿ ನೆಲೆಯೂರಿದ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಇದನ್ನು ಸ್ರವಿಸುತ್ತವೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೊಂಡೆಕ್ ಮೂತ್ರವನ್ನು ಇಲಿಗಳಿಗೆ ಚುಚ್ಚಿ, ಅವುಗಳ ಅಂಡಾಶಯವನ್ನು ಕೊಯ್ದು ನೋಡಿ ಗರ್ಭವನ್ನು ನಿರ್ಣಯಿಸುತ್ತಿದ್ದರು. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯನ್ನು 1967ರಲ್ಲಿ ರೂಪಿಸಿದಾಕೆ ಅಮೆರಿಕದ ಮಾರ್ಗರೆಟ್ ಕ್ರೇನ್. ಆಕೆ ವಿಜ್ಞಾನಿಯಲ್ಲ, ವಿನ್ಯಾಸಗಾರ್ತಿ.

ಗರ್ಭಸ್ರಾವವಾದೊಡನೆ ಈ ಹಾರ್ಮೋನು ದೇಹದಿಂದ ಮಾಯವಾಗುವುದಿಲ್ಲ. ಮುಚ್ಚಿದ ಖಾತೆಯಲ್ಲಿ ಉಳಿದ ಹಳೆಯ ಬಾಕಿಯಂತೆ ಕೆಲವರಲ್ಲಿ ಹಲವು ವಾರಗಳವರೆಗೆ ಅದು ಉಳಿದಿರುತ್ತದೆ. ಆ ಅವಧಿಯಲ್ಲಿ ಕಂಡ ಗೆರೆ ಹೊಸ ಗರ್ಭದ್ದೋ ಹಳೆಯದರ ಶೇಷವೋ ಎಂಬುದನ್ನು ಪಟ್ಟಿ ಹೇಳಲಾರದು. ಸ್ರಾವವಾದ ಮೂರು ವಾರಗಳ ನಂತರವೂ ಗೆರೆ ಮೂಡುತ್ತಿದ್ದರೆ ವೈದ್ಯರಿಗೆ ತಿಳಿಸುವುದು ಅವಶ್ಯ. ಒಳಗೆ ಅಂಶಗಳು ಉಳಿದಿರಬಹುದು.

ಗೆರೆಯ ಬಣ್ಣವನ್ನು ಅಳತೆಗೋಲಾಗಿ ಬಳಸುವುದು ವ್ಯರ್ಥ. ಹೆಚ್ಚು ನೀರು ಕುಡಿದ ದಿನ ಮೂತ್ರ ತೆಳುವಾಗಿ ಗೆರೆಯೂ ತೆಳುವಾಗುತ್ತದೆ. ಒಂದು ಪಟ್ಟಿಗೂ ಇನ್ನೊಂದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರುತ್ತದೆ. ಸೂಚಿಸಿದ ನಿಮಿಷಗಳು ಕಳೆದ ಮೇಲೆ ಪಟ್ಟಿ ಒಣಗಿ, ಬಣ್ಣವಿಲ್ಲದ ಬೂದು ರೇಖೆಯೊಂದು ಕಾಣಿಸಿಕೊಳ್ಳುವುದೂ ಉಂಟು. ಅದು ಗರ್ಭದ ಗುರುತಲ್ಲ. ಮುಟ್ಟಿನ ದಿನಕ್ಕೆ ಮೊದಲೇ ಪರೀಕ್ಷಿಸುವ ಆತುರಕ್ಕೂ ಬೆಲೆ ತೆರಬೇಕಾಗುತ್ತದೆ: ನೆಲೆಯೂರಿದ ಕೆಲವೇ ದಿನಗಳಲ್ಲಿ ಕಳೆದುಹೋಗುವ ಗರ್ಭಗಳು ಹಿಂದೆ ನಾಲ್ಕು ದಿನ ತಡವಾದ ಮುಟ್ಟೆಂದೇ ಸಾಗಿಹೋಗುತ್ತಿದ್ದವು. ಈಗ ಅವೂ ಒಂದೊಂದು ಶೋಕವಾಗುತ್ತಿವೆ.

ನಿಜವಾದ ಲೆಕ್ಕ ಸಿಗುವುದು ರಕ್ತಪರೀಕ್ಷೆಯಲ್ಲಿ. 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು ಏರಿಕೆಯನ್ನು ನೋಡುತ್ತಾರೆ. ಮೊದಲ ಅಂಕಿ 1500ಕ್ಕಿಂತ ಕಡಿಮೆಯಿದ್ದಲ್ಲಿ, ಬೆಳೆಯುತ್ತಿರುವ ಗರ್ಭದಲ್ಲಿ ಕನಿಷ್ಠ ಶೇಕಡ 49ರಷ್ಟು ಏರಿಕೆಯನ್ನು ನಿರೀಕ್ಷಿಸುತ್ತಾರೆ. ಸರಿಯಾಗಿ ಇಮ್ಮಡಿಯಾಗಲಿಲ್ಲವೆಂದು ಅಳುವ ಕಾರಣವಿಲ್ಲ. ಆರೇಳು ವಾರಗಳಾದ ಮೇಲೆ ಸ್ಕ್ಯಾನಿನಲ್ಲಿ ಕಾಣುವ ಹೃದಯದ ಮಿಡಿತ ಯಾವ ಗೆರೆಗಿಂತಲೂ ಹೆಚ್ಚು ನಂಬಲರ್ಹ. ಆದರೆ ಗೆರೆ ಮೂಡಿದ ಮೇಲೆ ಕಿಬ್ಬೊಟ್ಟೆಯ ಒಂದು ಪಕ್ಕ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಅಥವಾ ಭುಜದ ತುದಿಯಲ್ಲಿ ನೋವು ಕಂಡರೆ ಸ್ಕ್ಯಾನಿನ ದಿನಕ್ಕಾಗಿ ಕಾಯಬಾರದು. ಗರ್ಭವು ನಾಳದಲ್ಲಿ ನಿಂತಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಂಧುಬಳಗದ ಮಾತು. ಬಸ್ಸು ಹತ್ತಿದಳು, ಪಪ್ಪಾಯಿ ತಿಂದಳು, ಕಚೇರಿಗೆ ಹೋದಳು ಎಂದು ಹಿಂದಿನ ಸ್ರಾವಕ್ಕೆ ಕಾರಣ ಹುಡುಕುವವರಿಗೆ ಕೊರತೆಯಿಲ್ಲ. ಮೊದಲ ಮೂರು ತಿಂಗಳ ಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಒಮ್ಮೆ ಕಳೆದುಕೊಂಡವರಲ್ಲಿ ಬಹುಪಾಲು ಮಂದಿಗೆ ಮುಂದಿನ ಗರ್ಭ ನಿಲ್ಲುತ್ತದೆ.